ಎರಡು ಊಟಗಳ ನಡುವಿನ ಬೆಟ್ಟ

ಡಿಸೆಂಬರಿನಲ್ಲಿ ಸಿಯಾಟಲ್ ಕಡೆಯ ಸೂರ್ಯ ಬೆಳಗ್ಗೆ ಎಂಟಕ್ಕೆ ಐದು ನಿಮಿಷ ಇರುವಾಗ ಬಂದು ಸಂಜೆ ನಾಲ್ಕೂ ಇಪ್ಪತ್ತಕ್ಕೆ ಎದ್ದು ಹೋಗುತ್ತಾನೆ. ತಾಲ್ಲೂಕು ಕಚೇರಿಯ ಗುಮಾಸ್ತನಾದರೂ ಇದಕ್ಕಿಂತ ಹೆಚ್ಚು ಹೊತ್ತು ಕುರ್ಚಿಯಲ್ಲಿ ಸಿಗುತ್ತಾನೆ. ಅಷ್ಟು ಹೊತ್ತಾದರೂ ಮುಖ ತೋರಿಸುತ್ತಾನೆಯೇ ಅಂದರೆ ಅದೂ ಇಲ್ಲ, ಮೋಡದ ಹಿಂದೆಯೇ ಕೂತು ಕೆಲಸ ಮುಗಿಸುತ್ತಾನೆ. ಹೀಗಾಗಿ ಚಳಿಗಾಲದಲ್ಲಿ ಬೆಟ್ಟ ಹತ್ತುವವರ ಕೈಗೆ ಸಿಗುವುದು ಎಂಟೂವರೆ ಗಂಟೆಯಷ್ಟು ಬೆಳಕು. ಇಲ್ಲಿನ ಜನ ಕತ್ತಲಲ್ಲೇ ಎದ್ದು, ಒಂದು ಬಾಳೆಹಣ್ಣು ತಿಂದು, ಬೆಳಕು ಹರಿಯುವ ಹೊತ್ತಿಗೆ ಬೆಟ್ಟದ ಬುಡದಲ್ಲಿ ಬೂಟಿನ ದಾರ ಕಟ್ಟುತ್ತಿರುತ್ತಾರೆ. ಕನ್ನಡದ ಸಂಸಾರವೊಂದು ಹಾಗೆ ಹೊರಟಿದ್ದನ್ನು ನಾನಂತೂ ಕಂಡಿಲ್ಲ. ನಮ್ಮಲ್ಲಿ ಮೊದಲು ತಿಂಡಿಯಾಗಬೇಕು. ತಿಂಡಿಯ ಮೇಲೆ ಕಾಫಿಯಾಗಬೇಕು. ಕಾಫಿಯಾಗುವಾಗ ಹೇಗೂ ಒಲೆ ಉರಿಯುತ್ತಿದೆಯಲ್ಲ ಎಂದು ಮಧ್ಯಾಹ್ನಕ್ಕೊಂದು ಚಿತ್ರಾನ್ನ ಕಲಸಬೇಕು. ಚಿತ್ರಾನ್ನ ಒಂದೇ ಆದರೆ ಬಾಯಿ ಒಣಗುತ್ತದೆ ಎಂದು ಮೊಸರನ್ನ. ಮೊಸರನ್ನದ ಹಿಂದೆಯೇ ಉಪ್ಪಿನಕಾಯಿ. ಇಷ್ಟೆಲ್ಲ ಆಗಿ ಕಾರಿನ ಬಾಗಿಲು ಹಾಕುವಾಗ ಹನ್ನೊಂದು ಗಂಟೆ. ಆಗ ಯಾರಿಗಾದರೂ ಬಚ್ಚಲಿಗೆ ಹೋಗಬೇಕೆನಿಸುತ್ತದೆ.

ಈ ಸಲ ಚಳಿಗಾಲಕ್ಕೇ ಸಾಗರದಿಂದ ಮಾವ, ಅತ್ತೆ ಬಂದಿದ್ದರು. ಬೇಸಿಗೆಯಲ್ಲಿ ಬನ್ನಿ, ಆಗ ಈ ಊರು ಸ್ವರ್ಗ ಎಂದು ಎಷ್ಟು ಹೇಳಿದರೂ ಮಾವ ಒಪ್ಪಲಿಲ್ಲ. ಇಲ್ಲಿ ಬೇಸಿಗೆ ಎಂದರೆ ಅಲ್ಲಿ ಮಳೆಗಾಲ. ಮಳೆಗಾಲದಲ್ಲಿ ಮನೆ ಬಿಟ್ಟರೆ ಮಾಡಿನ ಹೆಂಚು ನೋಡುವವರು ಯಾರು? ಮಾವ ಕೆಇಬಿಯಲ್ಲಿ ಇಂಜಿನಿಯರಾಗಿ ನಿವೃತ್ತರಾದವರು. ಮಂಕಿಕ್ಯಾಪು, ಮಫ್ಲರು, ಕರಿ ಕೊಡೆ, ಮೂರನ್ನೂ ವಿಮಾನದಲ್ಲಿ ಕೈಚೀಲದಲ್ಲೇ ಇಟ್ಟುಕೊಂಡು ಬಂದರು. ಸಿಯಾಟಲಿನ ಮಳೆಯ ಬಗ್ಗೆ ಅವರನ್ನು ಯಾರೋ ವಿಪರೀತ ಹೆದರಿಸಿದ್ದರಂತೆ. ಬಂದ ವಾರವೇ ಬಾಲ್ಕನಿಯಲ್ಲಿ ನಿಂತು ಅಂಗೈ ಚಾಚಿ, "ಇದಾ ಮಳೆ? ಇದು ಮಳೆ ಬರೋ ಮುಂಚಿನ ಸೂಚನೆ ಅಲ್ವಾ?" ಎಂದು ಕೇಳಿದರು. ಅವರ ಪ್ರಶ್ನೆಯಲ್ಲಿ ತಪ್ಪಿಲ್ಲ. ಸಿಯಾಟಲಿನಲ್ಲಿ ಇಡೀ ವರ್ಷ ಸುರಿಯುವುದು ಒಂದು ಸಾವಿರ ಮಿಲಿಮೀಟರಿಗೂ ಸ್ವಲ್ಪ ಕಡಿಮೆ. ಆಗುಂಬೆ ಒಂದು ಜುಲೈ ತಿಂಗಳಲ್ಲೇ ಅದನ್ನು ಮುಗಿಸಿ ಮುಂದಕ್ಕೆ ಹೋಗುತ್ತದೆ. ಇಲ್ಲಿ ಮಳೆ ಕಡಿಮೆ, ಮಳೆ ಬರುವ ದಿನಗಳು ಹೆಚ್ಚು.

ಬೆಟ್ಟ ಹತ್ತುವವರು ಚೀಲದಲ್ಲಿ ಇಟ್ಟುಕೊಳ್ಳಲೇಬೇಕಾದ ಹತ್ತು ಸಾಮಾನುಗಳ ಪಟ್ಟಿಯೊಂದಿದೆ. ಅದು ಹುಟ್ಟಿದ್ದೇ ಈ ಊರಿನಲ್ಲಿ. 1906ರಲ್ಲಿ ಶುರುವಾದ 'ದಿ ಮೌಂಟನಿಯರ್ಸ್' ಎಂಬ ಸಂಘದವರು 1930ರ ದಶಕದಲ್ಲಿ ತಮ್ಮಲ್ಲಿ ಕಲಿಯಲು ಬಂದವರಿಗೆಂದು ಮಾಡಿದ ಪಟ್ಟಿ: ನಕಾಶೆ, ದಿಕ್ಸೂಚಿ, ಟಾರ್ಚು, ಬೆಂಕಿಪೊಟ್ಟಣ, ಚಾಕು, ಗಾಯದ ಔಷಧಿ, ಹೆಚ್ಚಿಗೆ ಬಟ್ಟೆ ಇತ್ಯಾದಿ. ಅದರಲ್ಲೇ ಒಂದು, ಹೆಚ್ಚಿಗೆ ಆಹಾರ. ನಮ್ಮನೆಯವರು ಅದನ್ನು ಭಕ್ತಿಯಿಂದ ಮುದ್ರಿಸಿ ಫ್ರಿಜ್ಜಿನ ಮೇಲೆ ಅಂಟಿಸಿದ್ದಾರೆ. ಅತ್ತೆ ಅದನ್ನು ಮೊಮ್ಮಗಳಿಂದ ಓದಿಸಿ ಕೇಳಿ, ಆಹಾರದ ಸಾಲೊಂದನ್ನು ಬಿಟ್ಟು ಉಳಿದ ಒಂಬತ್ತನ್ನೂ ತಳ್ಳಿಹಾಕಿದರು. ಮೊದಲ ಶನಿವಾರವೇ ಬೆಟ್ಟದ ಬುಡದಲ್ಲಿ ಚೀಲ ಬಿಚ್ಚಿದರೆ ದಿಕ್ಸೂಚಿ ನಾಪತ್ತೆ. ಅದರ ಜಾಗದಲ್ಲಿ ಅಪ್ಪೆಮಿಡಿಯ ಬಾಟಲಿ.

"ಅಮ್ಮಾ, ದಾರಿ ತಪ್ಪಿದರೆ ಏನು ಮಾಡೋದು?" ಎಂದರು ಇವರು.

"ದಾರಿ ತಪ್ಪಿದರೆ ಯಾರನ್ನಾದರೂ ಕೇಳಬಹುದು ತಮ್ಮಾ. ಉಪ್ಪಿನಕಾಯಿ ಯಾರನ್ನ ಕೇಳೋದು?"

ಇವರ ಹತ್ತಿರ ಉತ್ತರ ಇರಲಿಲ್ಲ. ಉತ್ತರ ಇಲ್ಲದಾಗಲೆಲ್ಲ ಇವರು ಆರ್‌ಇಐ ಅಂಗಡಿಗೆ ಹೋಗಿಬರುತ್ತಾರೆ. ಅದೂ ಸಿಯಾಟಲಿನದೇ. 1938ರಲ್ಲಿ ಗಂಡಹೆಂಡಿರಿಬ್ಬರು, ಹಿಮ ಕಡಿಯುವ ಒಂದು ಒಳ್ಳೆಯ ಕೊಡಲಿ ನ್ಯಾಯವಾದ ಬೆಲೆಗೆ ಸಿಗುತ್ತಿಲ್ಲವಲ್ಲ ಎಂದು ಬೇಸತ್ತು, ಗೆಳೆಯರನ್ನೆಲ್ಲ ಸೇರಿಸಿ ಕಟ್ಟಿದ ಸಹಕಾರ ಸಂಘ. ಮಿತವ್ಯಯಕ್ಕೆಂದು ಹುಟ್ಟಿದ ಸಂಘದಿಂದ ಇವರು ತಂದ ಸಾಮಾನು ಈಗ ನಮ್ಮ ಗ್ಯಾರೇಜಿನ ಒಂದು ಗೋಡೆ ತುಂಬಿದೆ. ಬೂಟಿಗೆ ಕಟ್ಟುವ ಮುಳ್ಳಿನ ಸರಪಳಿ, ಮೈಕ್ರೋಸ್ಪೈಕು, ಎಲ್ಲರಿಗೂ ಒಂದೊಂದು ಜೊತೆ. ಮಾವ ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಕಾಲಿಗೆ ಹಗ್ಗದ ತಳೆ ಹಾಕಿ ಅಡಿಕೆ ಮರ ಹತ್ತಿದವನಪ್ಪ ನಾನು" ಎಂದು ವಾಪಸು ಕೊಟ್ಟರು.

ಬಂದ ಅತಿಥಿಗಳನ್ನು ಇಲ್ಲಿನ ಕನ್ನಡಿಗರು ಮೊದಲು ಕರೆದೊಯ್ಯುವುದು ಸ್ನೋಕ್ವಾಲ್ಮಿ ಜಲಪಾತಕ್ಕೆ. ಹತ್ತುವ ಕಷ್ಟವಿಲ್ಲ, ಕಾರು ನಿಲ್ಲಿಸಿ ನಾಲ್ಕು ಹೆಜ್ಜೆ ಹಾಕಿದರೆ ಕಟಕಟೆ, ಕಟಕಟೆಯಾಚೆ ನೀರು. ಚಳಿಗಾಲದಲ್ಲಿ ಅದರ ಅಬ್ಬರ ಜೋರು. ತುಂತುರು ಮೇಲಕ್ಕೇ ಎದ್ದು ಬಂದು ಕನ್ನಡಕ ತೋಯಿಸುತ್ತದೆ. ಆದರೆ ಸಾಗರದವರನ್ನು ಜಲಪಾತಕ್ಕೆ ಕರೆದೊಯ್ಯುವುದು ಧೈರ್ಯದ ಕೆಲಸ. ಮಾವ ಕಟಕಟೆಗೆ ಒರಗಿ, ಕೊಡೆ ಬಿಚ್ಚಿ, ನಿಧಾನಕ್ಕೆ ಕೇಳಿದರು. "ಎಷ್ಟು ಎತ್ತರ?"

"268 ಅಡಿ."

"ಜೋಗ 830." ಅಷ್ಟೇ ಅಂದರು. ಹೆಚ್ಚಿಗೆ ಮಾತಾಡಿ ಎದುರಾಳಿಯನ್ನು ಅವಮಾನಿಸುವ ಸ್ವಭಾವ ಅವರದಲ್ಲ.

"ಅಜ್ಜ, ಜೋಗದಲ್ಲಿ ಈಗ ನೀರಿದೆಯಾ?" ಎಂದಳು ಮಗಳು. ಹದಿಮೂರರ ವಯಸ್ಸು, ಕರುಣೆ ಇನ್ನೂ ಬಂದಿಲ್ಲ. ಮಾವ ಮಫ್ಲರು ಸರಿಮಾಡಿಕೊಂಡರು. ಶರಾವತಿಯ ನೀರು ಲಿಂಗನಮಕ್ಕಿಯಲ್ಲಿ ನಿಂತಿರುವ ಡಿಸೆಂಬರಿನಲ್ಲಿ ಜೋಗದ ರಾಜ, ರಾಣಿ, ರೋರರ್, ರಾಕೆಟ್ ನಾಲ್ವರೂ ಎಷ್ಟು ಸೊರಗಿರುತ್ತಾರೆಂದು ಕೆಇಬಿಯವರಿಗೆ ಬೇರೆ ಯಾರೂ ಹೇಳಿಕೊಡಬೇಕಿಲ್ಲ.

ಸೋತ ಮಾವ ವಿದ್ಯುತ್ತಿನ ಕಡೆ ಹೊರಳಿದರು. ಅಲ್ಲಿ ನಿಂತ ಫಲಕದಲ್ಲಿ ವಿದ್ಯುದಾಗಾರದ ವಿಷಯ ಕಂಡಿತ್ತು. "ನಮ್ಮ ಶಿವನಸಮುದ್ರ 1902. ಆ ಕಾಲಕ್ಕೇ ಕೋಲಾರದ ಚಿನ್ನದ ಗಣಿಗೆ ಕರೆಂಟು ಕೊಟ್ಟಿದ್ದು" ಎಂದು ಶುರುಮಾಡಿದವರು ಫಲಕ ಓದುತ್ತ ಓದುತ್ತ ದನಿ ಇಳಿಸಿದರು. ಸ್ನೋಕ್ವಾಲ್ಮಿಯದು 1899. ಅದೂ ಜಲಪಾತದ ಹಿಂದಿನ ಬಂಡೆಯನ್ನು ಇನ್ನೂರೈವತ್ತು ಅಡಿಗೂ ಹೆಚ್ಚು ಆಳ ಕೊರೆದು, ನೆಲದಡಿಯ ಗುಹೆಯಲ್ಲಿ ಯಂತ್ರ ಕೂರಿಸಿದ್ದು. ಅಲ್ಲಿಂದ ಸಿಯಾಟಲ್, ಟಕೋಮಾ ಪಟ್ಟಣಗಳಿಗೆ ತಂತಿ ಎಳೆದಿದ್ದರು. ಮಾವ ಸುಮಾರು ಹೊತ್ತು ಮಾತಾಡಲಿಲ್ಲ. ಹಿಂದಿರುಗುವಾಗ ಕಾರಿನಲ್ಲಿ ಇದ್ದಕ್ಕಿದ್ದಂತೆ, "ತಮ್ಮಾ, ಇಲ್ಲಿಂದ ಟಕೋಮಾ ಎಷ್ಟು ದೂರ?" ಎಂದರು. ಎಪ್ಪತ್ತು ಕಿಲೋಮೀಟರ್ ಆಸುಪಾಸು ಎಂದರು ಇವರು. "ಶಿವನಸಮುದ್ರದಿಂದ ಕೆಜಿಎಫ್‌ಗೆ 147" ಎಂದು ಮಾವ ಹಿಂದಕ್ಕೆ ಒರಗಿ ಕಣ್ಣು ಮುಚ್ಚಿದರು. ಆ ದಿನದ ಪ್ರವಾಸ ಅವರ ಮಟ್ಟಿಗೆ ಅಲ್ಲಿಗೆ ಸಾರ್ಥಕವಾಯಿತು.

ಈ ಗಲಾಟೆಯಲ್ಲಿ ಅತ್ತೆ ಏನು ಮಾಡಿದರೆಂದು ಯಾರೂ ಗಮನಿಸಿರಲಿಲ್ಲ. ಅವರು ಜಲಪಾತ ಕಂಡ ಕೂಡಲೇ ಚಪ್ಪಲಿ ಬಿಡಲಾಗದ ಚಳಿಯನ್ನು ಬೈದುಕೊಂಡು ಬೂಟಿನಲ್ಲೇ ನಿಂತು ಕೈಮುಗಿದಿದ್ದರು. ಈ ನೆಲದ ಮೂಲದವರಾದ ಸ್ನೋಕ್ವಾಲ್ಮಿ ಜನರಿಗೆ ಇದು ಪುಣ್ಯಸ್ಥಳ. ಇಲ್ಲಿಂದ ಏಳುವ ಮಂಜು ತಮ್ಮ ಪ್ರಾರ್ಥನೆಯನ್ನು ಮೇಲಕ್ಕೆ ಒಯ್ಯುತ್ತದೆಂದು ಅವರು ನಂಬುತ್ತಾರೆ. ಜಲಪಾತದ ತಲೆಯ ಮೇಲೆ ಕೂತಿರುವ ಹೋಟೆಲನ್ನು 2019ರಲ್ಲಿ ಆ ಜನರೇ ಕೊಂಡುಕೊಂಡರು. ಇದನ್ನು ಹೇಳಿದಾಗ ಅತ್ತೆ, "ದೇವಸ್ಥಾನ ಪೂಜೆಯವರ ಕೈಗೇ ಬಂತಲ್ಲ, ಒಳ್ಳೇದಾಯ್ತು" ಎಂದು ಕೋಡುಬಳೆ ಹಂಚಿದರು.

ಜಲಪಾತ ನೋಡಿದ ಮೇಲೆ ತಿನ್ನಬೇಕಲ್ಲ. ಹತ್ತಿರದ ನಾರ್ತ್ ಬೆಂಡ್ ಪೇಟೆಯಲ್ಲಿ ಚೆರ್ರಿ ಪೈಗೆ ಹೆಸರಾದ ಟ್ವೀಡ್ಸ್ ಕೆಫೆ ಇದೆ. 1990ರಲ್ಲಿ ಬಂದ 'ಟ್ವಿನ್ ಪೀಕ್ಸ್' ಧಾರಾವಾಹಿಯ ಪತ್ತೇದಾರ ಅಲ್ಲೇ ಕೂತು ಪೈ ತಿಂದು ಕಾಫಿ ಹೊಗಳುತ್ತಾನೆ. ಧಾರಾವಾಹಿ ನೋಡದ ಮಗಳು ಪೈಯ ಫೋಟೊ ತೆಗೆದಳು. ಧಾರಾವಾಹಿ ನೋಡಿದ್ದ ಇವರು ಪೈ ತಿಂದರು. ಮಾವ ತಮಗೆ ಬಂದ ಲೋಟದೊಳಗೆ ಬಗ್ಗಿ ನೋಡಿ, "ಡಿಕಾಕ್ಷನ್ ಬಂತು, ಹಾಲು ಯಾವಾಗ ಬರುತ್ತೆ?" ಎಂದು ತಾಳ್ಮೆಯಿಂದ ಕಾದರು.

ಇನ್ನೊಂದು ಸಲ ಇಸ್ಸಾಕ್ವಾ ಪೇಟೆಯ ಹಳೇ ಕಾಲದ ತಿಂಡಿ ಅಂಗಡಿಯಲ್ಲಿ ಮಕ್ಕಳ ಹಟಕ್ಕೆ ರೂಟ್ ಬಿಯರ್ ತರಿಸಿದೆವು. ಹೆಸರು ಕೇಳಿ ಅತ್ತೆ ದೂರ ಸರಿದರು. ಮದ್ಯವಲ್ಲ ಅತ್ತೆ, ಬೇರಿನ ಪಾನಕ ಎಂದು ನಾನು ಸಮಾಧಾನ ಹೇಳಿದ ಮೇಲೆ ಮಂಜು ಕಟ್ಟಿದ ಗಾಜಿನ ಮಗ್ಗನ್ನು ಮೂಗಿನ ಹತ್ತಿರ ಹಿಡಿದು, ಗಾಬರಿಯಿಂದ ನನ್ನ ಮುಖ ನೋಡಿದರು. "ಇದು ಕುಡಿಯೋದಾ? ಹಚ್ಕೊಳ್ಳೋದಲ್ವಾ?" ಅತ್ತೆಯ ಮೂಗು ಸುಳ್ಳು ಹೇಳುವುದಿಲ್ಲ. ರೂಟ್ ಬಿಯರಿಗೆ ಆ ಘಮ ಕೊಡುವ ವಿಂಟರ್‌ಗ್ರೀನ್ ಎಣ್ಣೆಯ ಸತ್ವವೇ ನಮ್ಮ ಮಂಡಿನೋವಿನ ಮುಲಾಮುಗಳಲ್ಲೂ ಇರುವುದು. ಅಮೆರಿಕದ ಮಕ್ಕಳಿಗೆ ಅದು ಐಸ್‌ಕ್ರೀಮಿನ ನೆನಪು, ನಮ್ಮವರಿಗೆ ಅಜ್ಜಿಯ ಮಂಡಿಯ ನೆನಪು. ಅತ್ತೆ ಎರಡು ಗುಟುಕು ಕುಡಿದರು. ಮಾರನೆಯ ದಿನ ಮಂಡಿ ಸ್ವಲ್ಪ ಹಗುರ ಎಂದರು.

ನಿಜವಾದ ಚಾರಣ ಎಂದರೆ ರ‍್ಯಾಟಲ್‌ಸ್ನೇಕ್ ಲೆಡ್ಜ್. ಸಾವಿರ ಅಡಿಗೂ ಮೀರಿದ ಏರು, ತುದಿಯಲ್ಲಿ ಬೋಳು ಬಂಡೆ, ಕೆಳಗೆ ಸರೋವರ. ಕ್ಯಾಸ್ಕೇಡ್ ಪರ್ವತದ ಈ ಪಡುವಣ ಮಗ್ಗುಲಲ್ಲಿ ಆ ಜಾತಿಯ ಹಾವೇ ಇಲ್ಲ ಎಂದು ಅತ್ತೆಗೆ ಮೊದಲೇ ಪ್ರಮಾಣ ಮಾಡಿದ್ದಾಯಿತು. ಆದರೂ ಅವರು ಕೆಳಗೆ ಸರೋವರದ ದಂಡೆಯಲ್ಲೇ ಉಳಿದರು, ಹಾಟ್‌ಬಾಕ್ಸಿನ ಕಾವಲಿಗೆ. ಮಾವ ಹತ್ತಿದರು. ಅವತ್ತಿನ ದೃಶ್ಯ ಹೀಗೆ: ಮುಂದೆ, ಮೈಗಂಟಿದ ರೇನ್‌ಕೋಟು ತೊಟ್ಟು, ಎರಡು ಕೈಯಲ್ಲೂ ಕೋಲು ಹಿಡಿದು, ನೀರಿನ ನಳಿಕೆಯನ್ನು ಬಾಯಿಗಿಟ್ಟುಕೊಂಡು ಏದುಸಿರು ಬಿಡುವ ಇವರು. ಹಿಂದೆ, ಮಂಕಿಕ್ಯಾಪು, ಪ್ಯಾಂಟಿನೊಳಗೆ ಸ್ವೆಟರು, ತಲೆಯ ಮೇಲೆ ಬಿಚ್ಚಿದ ಕರಿ ಕೊಡೆ, ಮಲೆನಾಡಿನ ಗುಡ್ಡದ ನಿಧಾನದಲ್ಲಿ ಒಂದೇ ಸಮ ನಡೆಯುವ ಮಾವ. ಇಲ್ಲಿಯವರು ಮಳೆಗೆ ಕೊಡೆ ಹಿಡಿಯುವುದಿಲ್ಲ, ಹಿಡಿದರೆ ಹೊರಗಿನವರು ಅಂತ ಲೆಕ್ಕ. ಆದರೆ ಎದುರಿನಿಂದ ಇಳಿದು ಬಂದವರೆಲ್ಲ ಆ ಕೊಡೆಗೆ ದಾರಿ ಬಿಟ್ಟು ನಿಂತರು. ಒಬ್ಬಾಕೆ ಫೋಟೊ ಕೇಳಿದಳು. ತುದಿಯಲ್ಲಿ ಇವರು ಬಂಡೆಯ ಮೇಲೆ ಮಲಗಿಕೊಂಡಿದ್ದಾಗ ಮಾವ, ಕೆಳಗೆ ಹರಡಿದ ಸೀಡರ್ ನದಿಯ ಕಾಡು ತೋರಿಸಿ, ಅದು ಸಿಯಾಟಲಿಗೆ ಕುಡಿಯುವ ನೀರು ಕೊಡುವ ಜಾಗ, ಒಳಗೆ ಯಾರನ್ನೂ ಬಿಡುವುದಿಲ್ಲ ಎಂದು ಆಗಲೇ ಯಾರಿಂದಲೋ ಕೇಳಿ ತಿಳಿದು ನಮಗೆ ವಿವರಿಸುತ್ತಿದ್ದರು.

ಆ ಸರೋವರದ ಕಥೆ ಮಾತ್ರ ಮಾವನಿಗೆ ನಾವು ಹೇಳಬೇಕಾಯಿತು. ಈಗ ನೀರಿರುವ ಕಡೆ ಮಾಂಕ್ಟನ್ ಎಂಬ ರೈಲ್ವೆಯ ಸಣ್ಣ ಊರಿತ್ತು. ಸಿಯಾಟಲ್ ನಗರದವರು ಕರೆಂಟಿಗೆಂದು ಮೇಲುಗಡೆ ಕಟ್ಟಿದ ಅಣೆಕಟ್ಟಿನ ನೀರು, ಹಿಮನದಿ ಬಿಟ್ಟುಹೋದ ಸಡಿಲ ಕಲ್ಲುಮಣ್ಣಿನಲ್ಲಿ ಜಿನುಗಿ, 1915ರ ವಸಂತದಲ್ಲಿ ಊರಿನೊಳಗೆ ನೆಲದಿಂದಲೇ ಮೇಲೆದ್ದಿತು. ಪ್ರವಾಹವಲ್ಲ, ದಿನಕ್ಕಿಷ್ಟು ಎಂದು ಏರುತ್ತ ಬಂದ ನೀರು. ಮನೆಗಳು ನಿಂತಲ್ಲೇ ತೇಲಿದವು, ಜನ ಗಂಟುಮೂಟೆ ಕಟ್ಟಿದರು. ಮಾವ ಇದಕ್ಕೆ ಯಾವ ಹೋಲಿಕೆಯನ್ನೂ ತರಲಿಲ್ಲ, ಯಾವ ಅಂಕಿಯನ್ನೂ ಎಸೆಯಲಿಲ್ಲ. ಅವರ ಸೋದರಮಾವನ ಮನೆ, ತೋಟ 1964ರಲ್ಲಿ ಮುಗಿದ ಲಿಂಗನಮಕ್ಕಿಯ ಹಿನ್ನೀರಿನಲ್ಲಿವೆ. "ಪರಿಹಾರ ಕೊಟ್ಟರಂತಾ?" ಎಂದು ಕೇಳಿದರು, ಅಷ್ಟೇ. ಅತ್ತೆ ಚಿತ್ರಾನ್ನದ ಡಬ್ಬಿ ತೆರೆದರು. ಪಕ್ಕದ ಬೆಂಚಿನಲ್ಲಿ ಕಾಗದದಲ್ಲಿ ಸುತ್ತಿದ ಒಣ ತುಂಡೊಂದನ್ನು ಅಗಿಯುತ್ತಿದ್ದ ಹುಡುಗರಿಬ್ಬರಿಗೂ ಒಂದೊಂದು ತಟ್ಟೆ ಹೋಯಿತು. ಅಪ್ಪೆಮಿಡಿ ಕಚ್ಚಿದ ಹುಡುಗನ ಮುಖದಲ್ಲಿ ಆದ ಬದಲಾವಣೆಯನ್ನು ಮಗಳು ವಿಡಿಯೊ ಮಾಡಿಟ್ಟುಕೊಂಡಿದ್ದಾಳೆ.

ಲೆವೆನ್‌ವರ್ತಿಗೂ ಹೋಗಿಬಂದೆವು. ಮರದ ಕೆಲಸ ನಿಂತು ಬಡವಾಗಿದ್ದ ಊರು 1960ರ ದಶಕದಲ್ಲಿ ತನ್ನ ಅಂಗಡಿ ಮುಂಗಟ್ಟುಗಳಿಗೆಲ್ಲ ಜರ್ಮನಿಯ ಬವೇರಿಯದ ವೇಷ ತೊಡಿಸಿ, ಆ ವೇಷದಿಂದಲೇ ಬದುಕಿಕೊಂಡಿತು. ಡಿಸೆಂಬರಿನಲ್ಲಿ ಊರಿಗೆ ಊರೇ ದೀಪ. ಮಾವ ಅಷ್ಟೂ ದೀಪದ ವ್ಯಾಟೇಜನ್ನು ಮನಸ್ಸಿನಲ್ಲೇ ಕೂಡಿದರು. ಸಸ್ಯಾಹಾರಿಗಳಿಗೆ ಅಲ್ಲಿ ಸಿಗುವುದು ಉಪ್ಪು ಹರಳು ಅಂಟಿಸಿದ ಪ್ರೆಟ್ಸೆಲ್. ಸಾಸಿವೆಯ ಗೊಜ್ಜಿನಲ್ಲಿ ಅದ್ದಿ ತಿಂದರೆ ಚೆನ್ನಾಗಿರುತ್ತದೆ, ಎರಡನೆಯದಕ್ಕೆ ಆಸೆಯಾಗುವಷ್ಟಲ್ಲ.

ಈ ಹೊತ್ತಿಗೆ ಮಾವನಿಗೆ ಹೊಸ ಚಟವೊಂದು ಹತ್ತಿತ್ತು. ಘಾಟಿಯ ರಸ್ತೆಗಳಲ್ಲಿ ಸಾರಿಗೆ ಇಲಾಖೆಯವರು ಕ್ಯಾಮೆರಾ ಇಟ್ಟಿದ್ದಾರೆ, ಹಿಮ ಬಿದ್ದಿದೆಯೇ, ಟೈರಿಗೆ ಸರಪಳಿ ಬೇಕೇ ಎಂದು ಯಾರು ಬೇಕಾದರೂ ಮನೆಯಲ್ಲೇ ನೋಡಬಹುದು. ಮಗಳು ಇದನ್ನು ಅಜ್ಜನ ಫೋನಿಗೆ ಹಾಕಿಕೊಟ್ಟಳು. ಅಲ್ಲಿಂದ ಮುಂದೆ ಅತ್ತೆಯ ಧಾರಾವಾಹಿಗೂ ಮಾವನ ಘಾಟಿಗೂ ಪೈಪೋಟಿ. ಬೆಳಗಿನ ಕಾಫಿಗೆ ಮುಂಚೆಯೇ, "ಸ್ನೋಕ್ವಾಲ್ಮಿ ಪಾಸಲ್ಲಿ ರಾತ್ರಿ ಆರು ಇಂಚು ಬಿದ್ದಿದೆ. ಸ್ಟೀವನ್ಸ್ ಪಾಸಲ್ಲಿ ಸರಪಳಿ ಕೇಳ್ತಾ ಇದಾರೆ. ತಮ್ಮಾ, ನಿನ್ನ ಟೈರು ಒಂದ್ಸಲ ತೋರಿಸು" ಎಂದು ವರದಿ. ಇಪ್ಪತ್ತು ಡಿಗ್ರಿಗಿಂತ ಕೆಳಗಿಳಿದರೆ ಸಾಗರದಲ್ಲಿ ಬೆಂಕಿ ಕಾಯಿಸುತ್ತಿದ್ದ ಮನುಷ್ಯ ಹಿಮ ನೋಡಲೇಬೇಕೆಂದು ಹಟ ಹಿಡಿದರು.

ಹಿಮಕ್ಕೆ ಹೋಗಲು ಪರವಾನಗಿ ಬೇಕು. ಈ ರಾಜ್ಯದ ಪರವಾನಗಿಗಳ ವಿಷಯ ಬರೆದರೆ ಅದೇ ಒಂದು ಪುಸ್ತಕವಾದೀತು. ರಾಜ್ಯದ ಕಾಡಿಗೆ ಒಂದು ಪಾಸು, ಕೇಂದ್ರದ ಕಾಡಿಗೆ ಇನ್ನೊಂದು, ಹಿಮ ತೆಗೆದು ಕಾರಿಗೆ ಜಾಗ ಮಾಡಿಕೊಟ್ಟ ಕಡೆ ಸ್ನೋ-ಪಾರ್ಕಿನದು ಮೂರನೆಯದು, ಹಿಮವನ್ನು ಯಂತ್ರದಿಂದ ನಯ ಮಾಡಿದ್ದರೆ ಅದರ ಮೇಲೆ ಅಂಟಿಸಲು ಮತ್ತೊಂದು ಚೀಟಿ. ಮಾವ ಇದನ್ನೆಲ್ಲ ಮೆಚ್ಚುಗೆಯಿಂದ ಕೇಳಿಸಿಕೊಂಡರು. ಇಲಾಖೆಯಲ್ಲಿ ಮೂವತ್ತು ವರ್ಷ ಕಳೆದವರಿಗೆ ಅಮೆರಿಕ ಮೊದಲ ಬಾರಿಗೆ ಪರಿಚಯದ ಊರು ಅನ್ನಿಸಿತೆಂದು ಕಾಣುತ್ತದೆ.

921 ಮೀಟರ್ ಎತ್ತರದ ಸ್ನೋಕ್ವಾಲ್ಮಿ ಪಾಸ್ ದಾಟಿದ ಕೂಡಲೇ ಹಯಾಕ್ ಎಂಬಲ್ಲಿ ಮಕ್ಕಳು ಜಾರುವ ದಿಬ್ಬ. ನಾವು ಪ್ಲಾಸ್ಟಿಕ್ಕಿನ ಜಾರುಹಲಗೆಗಳನ್ನು ತಂದಿದ್ದೆವು. ಅತ್ತೆ ಸೀರೆಯ ಒಳಗೆ ಎರಡು ಥರ್ಮಲ್, ಮೇಲೊಂದು ದಪ್ಪ ಜಾಕೆಟ್ ಹಾಕಿಕೊಂಡು ಥರ್ಮಾಸಿನಿಂದ ಸಾರು ಬಗ್ಗಿಸುತ್ತಿದ್ದರು. ಮಾವ ಜಾರುಹಲಗೆಯನ್ನು ಬೆರಳಿನಿಂದ ತಟ್ಟಿ ನೋಡಿ, "ಇದು ನಮ್ಮ ಅಡಿಕೆ ಹಾಳೆ ಅಲ್ವಾ?" ಎಂದರು. ಹಾಳೆಯ ಮೇಲೆ ಒಬ್ಬ ಕೂತು, ತುದಿಯ ಎಲೆ ಹಿಡಿದು ಇನ್ನೊಬ್ಬ ಎಳೆಯುವ ಆಟ ಮಲೆನಾಡಿನ ಯಾವ ಹುಡುಗನಿಗೆ ಗೊತ್ತಿಲ್ಲ? ನಾವು ಬೇಡ ಎನ್ನುವಷ್ಟರಲ್ಲಿ ಅವರು ದಿಬ್ಬದ ನೆತ್ತಿಯಲ್ಲಿದ್ದರು. ಕಾಲು ಚಾಚಿ ಕೂತರು. ಕೊಡೆಯನ್ನು ಕೊಡಿ ಅಂದರೆ ಕೊಡಲಿಲ್ಲ. ಮೊಮ್ಮಗ ಹಿಂದಿನಿಂದ ತಳ್ಳಿದ.

ಅರ್ಧ ದಾರಿಯಲ್ಲಿ ಕೊಡೆ ಬಿಚ್ಚಿಕೊಂಡಿತು. ಅದು ವೇಗ ತಗ್ಗಿಸಲು ತಾವೇ ಬಿಚ್ಚಿದ್ದೆಂದು ಮಾವ ಇವತ್ತಿಗೂ ಹೇಳುತ್ತಾರೆ. ಹಲಗೆ ಒಂದು ಸುತ್ತು ತಿರುಗಿ, ಬೆನ್ನು ಮುಂದಾಗಿ, ಮುಖ ನಮ್ಮ ಕಡೆಗಾಗಿ, ಒಂದು ಕೈಯಲ್ಲಿ ಕೊಡೆ ಎತ್ತಿ ಹಿಡಿದ ಮಾವ ದಿಬ್ಬದ ಬುಡ ಸೇರಿದರು. ಅಪರಿಚಿತರೆಲ್ಲ ಚಪ್ಪಾಳೆ ತಟ್ಟಿದರು. ಅತ್ತೆ ಮಾತ್ರ ಸಾರಿನ ಲೋಟ ಹಿಡಿದೇ, "ಕನ್ನಡಕ ಇದೆಯಾ ನೋಡ್ರಪ್ಪ, ಹೊಸದು" ಎಂದು ಕೂಗಿದರು. ಕನ್ನಡಕ ಇತ್ತು. ಮಂಕಿಕ್ಯಾಪು ತಿರುಗಿ ಕಣ್ಣಿನ ಮೇಲೆ ಬಂದಿದ್ದರಿಂದ ಕನ್ನಡಕ ಅದರೊಳಗೆ ಭದ್ರವಾಗಿತ್ತು.

ನೀವು ಯಾವ ಬೆಟ್ಟಕ್ಕೇ ಹೋಗಿ, ಏನನ್ನೇ ತಿಂದಿರಿ, ನಮ್ಮವರ ದಿನ ಮುಗಿಯುವುದು ದೋಸೆಯ ಹೋಟೆಲಿನಲ್ಲಿ. ಹಿಮದಿಂದ ಇಳಿದು ಬೆಲ್‌ವ್ಯೂ, ರೆಡ್ಮಂಡಿನ ದಾರಿ ಹಿಡಿಯುವಾಗ ಐದೂವರೆ ಗಂಟೆಗೇ ಕಗ್ಗತ್ತಲೆ, ಹೊಟ್ಟೆಗೆ ಅದು ರಾತ್ರಿ ಎಂಟು. ಶನಿವಾರ ಸಂಜೆ ಆ ಹೋಟೆಲಿನ ಮುಂದಿನ ಸಾಲನ್ನು ನೋಡಬೇಕು. ಹೆಸರು ಬರೆಸಿ ಕಾಯುತ್ತ ನಿಂತವರಲ್ಲಿ ಅರ್ಧ ಜನರ ಬೂಟು ಕೆಸರು. ಒಬ್ಬರ ಕಾಲಿನಲ್ಲಿ ಇನ್ನೂ ಮೈಕ್ರೋಸ್ಪೈಕ್ ಇತ್ತು. ಬೆಟ್ಟದಲ್ಲಿ ಎಲ್ಲೂ ಕಾಣದ ಕನ್ನಡಿಗರೆಲ್ಲ ಇಲ್ಲಿ ಸಿಕ್ಕಿ, ಓ ನೀವೂ ಹೋಗಿದ್ರಾ ಎಂದು ಕೇಳಿಕೊಳ್ಳುತ್ತಾರೆ. ಮಾವ ಸಾಲಿನಲ್ಲಿ ಮುಂದೆ ನಿಂತ ಹಿರಿಯರೊಬ್ಬರ ಕೈಯಲ್ಲಿ ತಮ್ಮಂಥದೇ ಕರಿ ಕೊಡೆ ಕಂಡು ಮಾತಿಗಿಳಿದರು. ಅವರು ಹೊಸನಗರದವರು, ಬಂದು ವಾರವಾಗಿಲ್ಲ, ಇಲ್ಲಿ ನೋಡುವಂಥದ್ದು ಏನೂ ಇಲ್ಲ, ಬರೀ ಮೋಡ ಎಂದು ಬೇಸರದಲ್ಲಿದ್ದರು.

"ಛೆ ಛೆ, ಹಾಗನ್ನಬೇಡಿ" ಎಂದರು ಮಾವ. ಮುಂದಿನ ಅರ್ಧ ಗಂಟೆ ನಾವು ಕೇಳಿದ್ದು ಘಾಟಿಯ ಕ್ಯಾಮೆರಾ, ಪಾಸುಗಳ ಬಗೆಗಳು, ಮುಳುಗಿದ ಊರು, ಬಂಡೆಯೊಳಗಿನ ಯಂತ್ರ. ಮೈಕ್ರೋಸ್ಪೈಕು ಇಲ್ಲದೆ ಹೋಗಲೇಬೇಡಿ ಎಂದೂ ಹೇಳಿದರು. ಮಂಡಿನೋವಿದ್ದರೆ ಇಸ್ಸಾಕ್ವಾದಲ್ಲೊಂದು ಪಾನಕ ಸಿಗುತ್ತದೆಂದು ಅತ್ತೆ ಸೇರಿಸಿದರು. ನಮ್ಮ ಹೆಸರು ಕೂಗುವ ಹೊತ್ತಿಗೆ ಎಲ್ಲ ತೀರ್ಮಾನವಾಗಿತ್ತು: ಮುಂದಿನ ಶನಿವಾರ, ಬೆಳಗ್ಗೆ ಏಳು ಗಂಟೆಗೆ ಸರಿಯಾಗಿ, ಎರಡೂ ಮನೆಯವರು ಒಟ್ಟಿಗೆ. ಪುಳಿಯೋಗರೆ ಅವರದು, ಮೊಸರನ್ನ ನಮ್ಮದು. ಕಾರು ಓಡಿಸುವವರನ್ನು ಯಾರೂ ಕೇಳಲಿಲ್ಲ. ಇವರು ಮೆನು ಕಾರ್ಡಿನ ಹಿಂದೆ ಮುಖ ಮುಚ್ಚಿಕೊಂಡು ಎರಡು ಮಸಾಲೆ ದೋಸೆ ಹೇಳಿದರು, ಎರಡೂ ತಮಗೇ.